ಬಾರ್ ಅಸೋಸಿಯೇಶನ್ ಚಂದಾ ಕಟ್ಟೀನಿ, ವೋಟರ್ ಲಿಸ್ಟಿನಾಗ ಹೆಸರಿಲ್ಲ. ಲೆಕ್ಕಾ ಯಾರಿಗೆ ಕೇಳಬೇಕು? (ಪುಣೆ)

ಕರಿಕೋಟು_ವಿಜಯಪುರ:
ನಮಸ್ಕಾರ್ರೀ ಎಲ್ಲಾರ್ಗೂ. ನಾ ವಿಜಯಪುರದಾಕಿ, ಮದುವಿ ಆದಮ್ಯಾಲೆ ಪುಣೆಕ ಬಂದೀನಿ, ಈಗ ಇದ ಜಿಲ್ಲಾದಾಗಿನ ಒಂದು ತಾಲೂಕಾ ಕೋರ್ಟಿನಾಗ ಪ್ರ್ಯಾಕ್ಟೀಸ್ ಮಾಡಾಕತ್ತೀನಿ. ಯಾವ ಕೋರ್ಟ್ ಅಂತ ಕೇಳಬ್ಯಾಡ್ರಿ, ನಾಳಿ ಮತ್ತ ಅದ ಮಂದಿ ಮುಖಾ ನೋಡಬೇಕು.

ನಮ್ಮ ಬಾರ್‌ದು, ಅಂದ್ರ ವಕೀಲರ ಸಂಘದ್ದು, ಇಲೆಕ್ಷನ್ ಬಂದೈತಿ. ಚಂದಾ ರೊಕ್ಕಾ ಬಾರ್ ರೂಮಿನ ಕ್ಲಾರ್ಕ್ ಕೈಯಾಗ ಕೊಟ್ಟಿದ್ದೆ, ಅಂವಾ ಪಾವತಿ ಬುಕ್ ಮುಗದೈತ್ರಿ ಮೇಡಂ ಅಂತ ಹಳೆ ಬೋರ್ಡ್ ಪ್ರಿಂಟಿನ (ದಿನದ ಕೇಸುಗಳ ಪಟ್ಟಿ) ಹಿಂದ ಬರದು ಸಹಿ ಮಾಡಿ ಕೊಟ್ಟ. ಈಗ ಕಚ್ಚಾ ವೋಟರ್ ಲಿಸ್ಟ್ ಹಚ್ಯಾರ, ಅದರಾಗ ನನ್ನ ಹೆಸರಿಲ್ಲ. ಕೇಳಿದ್ರ ಹಿಂದಿನ ಬಾಕಿ ಐತಿ ಅಂತಾರ, ಎಷ್ಟು ಬಾಕಿ ಅಂದ್ರ ರಜಿಸ್ಟರ್ ಸೆಕ್ರೆಟರಿ ಸಾಹೇಬ್ರ ಮನ್ಯಾಗ ಐತಿ ಅಂತಾರ. ಹೋದ ಜನರಲ್ ಬಾಡಿ ಮೀಟಿಂಗಿನಾಗ ಲೆಕ್ಕಾ ಮರಾಠ್ಯಾಗ ಬಡಬಡ ಓದಿ ಮಂಜೂರ್ ಮಂಜೂರ್ ಅಂದು ಮುಗಿಸಿಬಿಟ್ರು, ಹಿಂದ ಕುಂತವ್ರು ಆಗ್ಲೇ ವಡಾಪಾವ್ ಕಡೆ ಎದ್ದಿದ್ರು. 'ಇತರ ಖರ್ಚು' ಅನ್ನೋ ಒಂದು ಸಾಲು ಲೈಬ್ರರಿ ಖರ್ಚಿಗಿಂತ ದೊಡ್ಡದಿತ್ತು. ಹೆಣ್ಮಕ್ಕಳ ಬಾರ್ ರೂಮ್ ಅಂತ ಒಂದೈತಿ, ಅರ್ಧಾ ಜಾಗಾ ಹಳೆ ಬ್ಯಾನರು ಮುರದ ಖುರ್ಚಿ, ಬಾಗಿಲಿಗೆ ಚಿಲಕಿಲ್ಲ.

ಮನಿಯವ್ರು ಅಂತಾರ, ಸನದು (ವಕೀಲಿ ಮಾಡೋ ಲೈಸನ್ಸು) ಐತಲ್ಲ, ಆ ಸಂಘದ ಮೆಂಬರ್ ಆಗ್ಲೇಬೇಕಂತ ಎಲ್ಲೈತಿ? ನಿಮಗೇನ ಅನಸ್ತದ? ಇನ್ನೊಂದು, ನನ್ನ ಸನದು ಇನ್ನೂ ಕರ್ನಾಟಕದ್ದ ಐತಿ, ಅದರಿಂದ ಏನರ ತೊಡಕಾಗ್ತದೇನು?

ಶಿವಾಜಿನಗರ_ಕಾಕಾ:
ತಂಗಿ, ಮೊದಲ ಬಾರ್ ಕೌನ್ಸಿಲ್ ಬ್ಯಾರೆ, ಬಾರ್ ಅಸೋಸಿಯೇಶನ್ ಬ್ಯಾರೆ ಅಂತ ತಿಳ್ಕೋ. ಕೌನ್ಸಿಲ್ ಹುಟ್ಟಿದ್ದು 1961ರ ಅಡ್ವೊಕೇಟ್ಸ್ ಆಕ್ಟಿನಿಂದ. ಸನದು ಕೊಡೋದು, ವಕೀಲರ ಮ್ಯಾಲೆ ದೂರು ಬಂದ್ರ 35ನೇ ಸೆಕ್ಷನ್ನಿನ ಪ್ರಕಾರ ಶಿಸ್ತು ಸಮಿತಿಗೆ ಕಳಸೋದು ಅದರ ಕೆಲಸ. ಮಹಾರಾಷ್ಟ್ರ ಗೋವಾ ಎರಡಕ್ಕೂ ಕೂಡಿ ಒಂದ ಕೌನ್ಸಿಲ್, 25 ಮಂದಿ ಪ್ರಾಶಸ್ತ್ಯದ ವೋಟಿನಾಗ ಆರಿಸಿ ಬರ್ತಾರ. ಅದು ಎನ್‌ರೋಲ್‌ಮೆಂಟಿಗೆ (ಹೊಸ ವಕೀಲರ ಹೆಸರು ದಾಖಲು ಮಾಡಾಕ) ಎಷ್ಟು ಫೀ ತಗೋಬೇಕು ಅನ್ನೋದನ್ನೂ ಕಾಯ್ದೆದಾಗ ಬರದು ಇಟ್ಟಾರ, ಜನರಲ್ ಕೆಟಗರಿಗೆ ಕೌನ್ಸಿಲ್ಲಿಗೆ 600, ದಿಲ್ಲ್ಯಾಗಿರೋ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕ 150, ಇದಕ್ಕಿಂತ ಹೆಚ್ಚಿಗಿ ತಗೋಬ್ಯಾಡ್ರಿ ಅಂತ 2024ರ ಜುಲೈದಾಗ ಸುಪ್ರೀಂ ಕೋರ್ಟೂ ಹೇಳೇದ. ಅಸೋಸಿಯೇಶನ್ ಹಂಗಲ್ಲ. ಅದು ನಾವ ವಕೀಲರು ಕೂಡಿ ಕಟ್ಕೊಂಡಿದ್ದು, ಅದರ ಚಂದಾ, ಯಾರಿಗೆ ವೋಟು, ಎಷ್ಟು ಬಾಕಿ ಇದ್ರ ಹೆಸರು ತಗೀಬೇಕು, ಎಲ್ಲಾ ಅದರ ಬೈಲಾದಾಗ (ಸಂಘದ ನಿಯಮಾವಳಿ) ಇರ್ತದ.

ಮನಿಯವ್ರು ಹೇಳೋದು ಕಾಯ್ದೆಕ್ಕ ಖರೇ ಅದ. 2011ರಿಂದ 30ನೇ ಸೆಕ್ಷನ್ ಜಾರಿ ಆಗೇದ, ಯಾವ ರಾಜ್ಯದ ಸನದು ಇದ್ರೂ ದೇಶದಾಗ ಎಲ್ಲಿ ಬೇಕಾದ್ರೂ ವಕೀಲಿ ಮಾಡಬಹುದು. ಆದ್ರ ಇಲ್ಲಿ ಕೌನ್ಸಿಲ್ ಇಲೆಕ್ಷನ್ನಿನಾಗ ನಿನಗ ವೋಟ್ ಬೇಕಂದ್ರ ಇಲ್ಲಿ ಕೌನ್ಸಿಲ್ಲಿನ ರೋಲಿನಾಗ (ವಕೀಲರ ಪಟ್ಟಿ) ಹೆಸರು ಇರಬೇಕು, ಅದಕ್ಕ 18ನೇ ಸೆಕ್ಷನ್ನಿನಾಗ ಟ್ರಾನ್ಸ್‌ಫರ್ ಅರ್ಜಿ ಹಾಕು. ಸೆಕ್ಷನ್ನಿನಾಗ ಫೀ ಇಲ್ಲದ ಅಂತನ ಬರದದ, ಏನರ ರೊಕ್ಕಾ ಕೇಳಿದ್ರ ರಸೀದಿ ಇಲ್ಲದ ಕೊಡಬ್ಯಾಡ.

ಆದ್ರೂ ಮೆಂಬರ್‌ಶಿಪ್ ಬಿಡಬ್ಯಾಡ ಅಂತೀನಿ. ಖುರ್ಚಿ ಲಾಕರ್ ಸಲುವಾಗಿ ಅಲ್ಲ. ಇ-ಫೈಲಿಂಗ್ ಬಂದ ಹೊಸತಾಗಿ ನಮ್ಮ ಅರ್ಧಾ ಮಂದಿಗೆ ಸ್ಕ್ಯಾನ್ ಮಾಡಾಕ ಬರ್ತಿದ್ದಿಲ್ಲ, ಬಾರ್ ರೂಮಿನಾಗ ಒಬ್ಬ ಹುಡುಗನ್ನ ಕೂಡಿಸಿ ಎಲ್ಲಾರ್ದೂ ಹಾಕಿಸಿದ್ದು ಅಸೋಸಿಯೇಶನ್. ಲಾಕ್‌ಡೌನ್ ಒಳಗ ಕೋರ್ಟ್ ಬಂದ್ ಬಿದ್ದಾಗ ಜೂನಿಯರ್ ಹುಡುಗರ ಮನಿಗೆ ಕಿರಾಣಿ ಹೋಗಿದ್ದು ಅದರಿಂದನ, ಕೌನ್ಸಿಲ್ ದೂರ ಅದ, ಬಾರ್ ಬಾಗಿಲಿಗೇ ಅದ. ಜಡ್ಜ್ ಸಾಹೇಬರು ಒಬ್ಬ ವಕೀಲನ್ನ ಓಪನ್ ಕೋರ್ಟಿನಾಗ ಹಿಗ್ಗಾಮುಗ್ಗಾ ಬೈದ್ರ ಛೇಂಬರಿಗೆ ಹೋಗಿ ಮಾತಾಡೋರು ಯಾರು? ಅಧ್ಯಕ್ಷ, ಸೆಕ್ರೆಟರಿನ.

ಫೋರ್ಟ್_ಭಟ್ರು:
ಕಾಕಾ ಹೇಳಿದ್ದು ಸರಿಯೇ, ಆದ್ರೆ ಒಳ್ಳೆದು ಮಾತ್ರ ಹೇಳಿದ್ರು ಮಾರಾಯ್ರೆ. ನಾನು ಮುಂಬೈಯಲ್ಲಿ ಫೋರ್ಟಿನ ಕಡೆ ಪ್ರ್ಯಾಕ್ಟೀಸ್, ಊರು ಕುಂದಾಪುರ. ಇಲ್ಲಿ ಒಬ್ಬೊಬ್ಬರು ಹೈಕೋರ್ಟಿದ್ದು, ಸಿಟಿ ಸಿವಿಲ್ ಕೋರ್ಟಿದ್ದು, ಬಾಂದ್ರಾದ್ದು ಅಂತ ಎರಡು ಮೂರು ಬಾರಿನ ಮೆಂಬರ್ ಇರ್ತಾರೆ, ಎಲ್ಲಾ ಕಡೆ ವೋಟು ಹಾಕ್ಲಿಕ್ಕೆ ಹಾಜರ್. ವರ್ಷ ಪೂರ್ತಿ ಮುಖ ಕಾಣದ ಜನ ಇಲೆಕ್ಷನ್ ದಿನ ಕರಿಕೋಟು ಹಾಕಿ ಕ್ಯೂನಲ್ಲಿ. ಇವರ ಚಂದಾ ಕಟ್ಟೋದು ಯಾರು ಹೇಳಿ? ಕ್ಯಾಂಡಿಡೇಟೇ, ಒಟ್ಟಿಗೆ ಐವತ್ತು ಜನರದ್ದು!! ಇದಕ್ಕೇ 2011ರಲ್ಲಿ ಸುಪ್ರೀಂ ಕೋರ್ಟ್ ಬಾರ್ ಅಸೋಸಿಯೇಶನ್ ವರ್ಸಸ್ ಬಿ.ಡಿ. ಕೌಶಿಕ್ ಕೇಸಲ್ಲಿ ಒಬ್ಬ ವಕೀಲ ಒಂದೇ ಬಾರಲ್ಲಿ ವೋಟು ಹಾಕ್ಬೇಕು ಅನ್ನೋ ನಿಯಮವನ್ನ ಎತ್ತಿಹಿಡಿದದ್ದು. ಕೇಸು ಅವರದ್ದೇ ಬಾರಿಂದು, ಆದ್ರೆ ನಂತರ ಬೇರೆ ಬೇರೆ ಬಾರುಗಳು ಅದನ್ನೇ ಹಿಡಿದವು.

ಮೇಡಂ, ನೀವು ಲಿಸ್ಟಲ್ಲಿ ಹೆಸರಿಲ್ಲ ಅಂತ ಬೇಜಾರ್ ಮಾಡ್ತೀರಿ, ಲಿಸ್ಟಲ್ಲಿ ಯಾರ ಹೆಸರುಂಟು ಅದನ್ನೂ ಒಮ್ಮೆ ನೋಡಿ. ಹೆಣ್ಮಕ್ಕಳ ರೂಮಿಗೆ ಚಿಲಕ ಹಾಕಿಸ್ಬೇಕಾದ್ರೆ ಕಮಿಟಿಯಲ್ಲಿ ಹೆಣ್ಮಕ್ಕಳು ಇರ್ಬೇಕು, ಅದು ಬಿಟ್ಟು ಬೇರೆ ದಾರಿ ಇಲ್ಲ. ಅದೇ ಕೌಶಿಕ್ ಕೇಸಲ್ಲಿ 2024ರ ಮೇಯಲ್ಲಿ ಸುಪ್ರೀಂ ಕೋರ್ಟ್ ಬಾರಿನ ಕಮಿಟಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಅಂತ ಆರ್ಡರ್ ಆಗಿದೆ, ಆ ವರ್ಷ ಟ್ರೆಶರರ್ ಪೋಸ್ಟೂ ಮಹಿಳೆಗೆ. ನಿಮ್ಮ ತಾಲೂಕಾ ಬಾರಿಗೆ ಅದು ತನ್ನಿಂದ ತಾನೇ ಬರೋದಿಲ್ಲ, ಬೈಲಾ ತಿದ್ದುಪಡಿ ಬೇಕು. ಚಂದಾ ಕಟ್ಟಿ ಮನೆಗೆ ಹೋಗೋರಿಂದ ಅದು ಆಗುದಿಲ್ಲ.

ಲೆಕ್ಕದವ_ಕೊಥ್ರೂಡ್:
ನಾನು ವಕೀಲ ಅಲ್ಲ, ಸಿಎ. ಒಂದಷ್ಟು ಟ್ರಸ್ಟು, ಸೊಸೈಟಿಗಳ ಆಡಿಟ್ ಮಾಡ್ತೀನಿ ಅಷ್ಟೇ, ಆದ್ರೂ ಹೇಳ್ತೀನಿ.

ಮೊದ್ಲು ನಿಮ್ಮ ಬಾರು ಎಲ್ಲಿ ರಿಜಿಸ್ಟರ್ ಆಗಿದೆ ನೋಡಿ, ಲೆಟರ್‌ಹೆಡ್ ಮೇಲೆ ನಂಬರ್ ಇರತ್ತೆ. 1860ರ ಸೊಸೈಟೀಸ್ ಆಕ್ಟಲ್ಲಿ ಮಾತ್ರ ಇದ್ಯಾ, 1950ರ ಪಬ್ಲಿಕ್ ಟ್ರಸ್ಟ್ಸ್ ಆಕ್ಟಲ್ಲೂ ಇದ್ಯಾ ಅಂತ. ಎರಡನೇದೂ ಇದ್ರೆ ಪ್ರತಿ ವರ್ಷ ಲೆಕ್ಕ ಆಡಿಟ್ ಆಗ್ಲೇಬೇಕು, ರಿಪೋರ್ಟು ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿಗೆ ಹೋಗ್ಲೇಬೇಕು, ಹೊಸ ಕಮಿಟಿ ಬಂದ್ರೆ 90 ದಿನದೊಳಗೆ ಚೇಂಜ್ ರಿಪೋರ್ಟ್ (ಕಮಿಟಿ ಬದಲಾಗಿದೆ ಅನ್ನೋ ವರದಿ) ಹಾಕ್ಬೇಕು. ಎಷ್ಟೋ ಸಂಘಗಳಲ್ಲಿ ನಾಲ್ಕು ಕಮಿಟಿ ಹಿಂದಿನ ಅಧ್ಯಕ್ಷರ ಹೆಸರೇ ಇನ್ನೂ ರೆಕಾರ್ಡಲ್ಲಿ ಕೂತಿರತ್ತೆ, ಬೇರೆಯವರಿಗೆ ಕಾಯ್ದೆ ಹೇಳೋ ವಕೀಲರ ಸಂಘದಲ್ಲೂ, ನಗು ಬರತ್ತೆ. ಆರ್‌ಟಿಐ ಹಾಕೋದಾದ್ರೆ ಬಾರಿಗೆ ಹಾಕಿ ಟೈಮ್ ವೇಸ್ಟ್ ಮಾಡ್ಬೇಡಿ, ಚಾರಿಟಿ ಕಚೇರಿಗೆ ಹಾಕಿ, ಅಲ್ಲಿ ಫೈಲ್ ಆಗಿರೋದೆಲ್ಲ ಸಿಗತ್ತೆ.

'ಇತರ ಖರ್ಚು' ಅಂತ ದೊಡ್ಡ ಸಾಲು ಕಂಡ್ರೆ ಕಳ್ಳತನ ಅಂತ ಕೂಗ್ಬೇಡಿ, ಅದ್ರ ಲೆಡ್ಜರ್ ತೋರಿಸಿ ಅಂತ ಮಾತ್ರ ಕೇಳಿ. ಹತ್ತಕ್ಕೆ ಏಳು ಸಲ ಅದು ಸತ್ಕಾರ ಸಮಾರಂಭದ ಶಾಲು, ಹಾರ, ಊಟ. ಆದ್ರೆ ವೆಲ್ಫೇರ್ ಟಿಕೆಟ್ (ವಕೀಲರ ಕಲ್ಯಾಣ ನಿಧಿಯ ಸ್ಟ್ಯಾಂಪ್) ಮಾರಿ ಬಂದ ದುಡ್ಡು ಚಂದಾ ಜೊತೆ ಬೆರೆತಿದ್ಯಾ ಅಂತ ಖಂಡಿತ ನೋಡಿ, ಅದು ಬೇರೆ ಕಾಯ್ದೆಯ ಕೆಳಗಿನ ದುಡ್ಡು, ಬಾರಿನ ಸ್ವಂತದ್ದಲ್ಲ. ವೋಟರ್ ಲಿಸ್ಟಿಗೆ ಮಾತ್ರ ಇವತ್ತೇ ಬರವಣಿಗೆಯಲ್ಲಿ ಹರ್ಕತ್ (ಆಕ್ಷೇಪಣೆ) ಕೊಡಿ, ಚೀಟಿಯ ಜೆರಾಕ್ಸ್ ಹಚ್ಚಿ, ನಿಮ್ಮ ಕಾಪಿ ಮೇಲೆ ಸಿಕ್ಕಿತು ಅಂತ ಸಹಿ, ತಾರೀಖು ಹಾಕಿಸ್ಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ಹೇಳಿದ ಹಾಗಲ್ಲ.

ಮಾಂಡೋವಿ_ಕಾರವಾರ:
ಗೋವಾದಿಂದ ಎರಡೇ ಮಾತು. ಬಾರ್ ಮೆಂಬರ್ ಆದ ಕೂಡ್ಲೇ ವೆಲ್ಫೇರ್ ಫಂಡಿನ ಮೆಂಬರ್ ಆದ ಹಾಗೆ ಅಲ್ಲ, ಅದಕ್ಕೆ ಅರ್ಜಿ ಬೇರೆ ಇರ್ತದೆ, ಮನೆಯಲ್ಲಿ ಏನಾದ್ರೂ ಆದ ಮೇಲೆ ಇದು ಗೊತ್ತಾಗಿ ಒದ್ದಾಡಿದವರನ್ನ ನೋಡಿದ್ದೇನೆ. ಎರಡನೇದು, ಹೊಸಬರು, ಹೊರಗಿನವರು, ಇಲೆಕ್ಷನ್ ಹೊತ್ತಲ್ಲಿ ಜಗಳ ಬೇಡ, ನಾಳೆ ಕೇಸಲ್ಲಿ ಮುದ್ದತ್ (ಮುಂದಿನ ತಾರೀಖು) ಬೇಕಾದಾಗ ಎದುರಿನವ ಇದನ್ನೇ ನೆನಪಿಟ್ಟಿರ್ತಾನೆ.

ಫೋರ್ಟ್_ಭಟ್ರು:
@ಮಾಂಡೋವಿ ಹೊರಗಿನವರು ಅಂದ್ರೆ ಎಂತದು? ಚಂದಾ ತಗೊಳ್ಳುವಾಗ ಹೊರಗಿನವರು ಅಂತ ಯಾರೂ ಹೇಳುದಿಲ್ಲ ಅಲ್ವಾ.

ಕರಿಕೋಟು_ವಿಜಯಪುರ:
ಎಲ್ಲಾರ್ಗೂ ಥ್ಯಾಂಕ್ಸ್ ರೀ. ಹರ್ಕತ್ ಅರ್ಜಿ ಕೊಟ್ಟೀನಿ. ಇಲೆಕ್ಷನ್ ಆಫೀಸರ್ ಅಂತ ನೇಮಿಸಿದ ಹಿರಿ ವಕೀಲರು ಪಾಪ ಒಳ್ಳೆಯವ್ರು, ಚೀಟಿ ಕನ್ನಡಕ ಏರಿಸಿ ನೋಡಿ, ಕ್ಲಾರ್ಕನ್ನ ಕರದು ಈ ಸಹಿ ನಿಂದ ಏನಪಾ ಅಂತ ಕೇಳಿದ್ರು, ಅಂವಾ ಹೌದ್ರಿ ಅಂದ. ಪಕ್ಕಾ ಲಿಸ್ಟ್ ಸೋಮವಾರ ಹಚ್ತಾರಂತ. ಬೈಲಾ ಕಾಪಿ ಕೇಳಿದ್ರ ಮಾತ್ರ ಯಾರ ಕಡೆನೂ ಇಲ್ಲ, ಒಬ್ಬರು 'ಆಪಲ್ಯಾಕಡೆ ಬೈಲಾ ಆಹೇತ್ ಕಾ?' (ನಮ್ಮ ಕಡೆ ಬೈಲಾ ಅದಾವೇನು?) ಅಂತ ನನಗ ತಿರುಗಿ ಕೇಳಿದ್ರು 😅 ಅದು ಎಲ್ಲಿ ಸಿಗ್ತದ್ರೀ ಸಿಎ ಸರ್?

ಲೆಕ್ಕದವ_ಕೊಥ್ರೂಡ್:
ರಿಜಿಸ್ಟ್ರೇಶನ್ ಫೈಲಲ್ಲೇ ಇರತ್ತೆ ಮೇಡಂ, ಚಾರಿಟಿ ಕಚೇರಿಯಲ್ಲಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, ರಿಜಿಸ್ಟ್ರೇಶನ್ ನಂಬರ್ ಬರೆಯೋದು ಮರೀಬೇಡಿ, ಇಲ್ಲಾಂದ್ರೆ ಅಲ್ಲಿಯವರು ಫೈಲ್ ಹುಡುಕೋಕೇ ಹೋಗಲ್ಲ. ಕಾಪಿ ಕೈಗೆ ಬಂದ ಮೇಲೆ ಎರಡು ನಿಯಮ ಮೊದ್ಲು ಓದಿ: ಬಾಕಿ ಇದೆ ಅಂತ ಹೆಸರು ತೆಗೆಯೋಕೆ ಮುಂಚೆ ನೋಟಿಸ್ ಕೊಡ್ಬೇಕಾ, ಮತ್ತೆ ವಿಶೇಷ ಸಭೆ ಕರೆಯೋಕೆ ಎಷ್ಟು ಮೆಂಬರ್ಸ್ ಸಹಿ ಬೇಕು.