ಸೊಪ್ಪು ಹಸಿರಾಗಿಯೇ ಒಣಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ? ಹೊಗೆಸೊಪ್ಪು ಬೆಳೆದವರು ಹೇಳಿ

ಪ್ರಶ್ನೆ (ಪಿರಿಯಾಪಟ್ಟಣ ತಾಲ್ಲೂಕಿನಿಂದ):
ಅಪ್ಪನಿಗೆ ಮಂಡಿನೋವು. ಹಾಗಾಗಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ನಮ್ಮದು ಒಂದು ಬ್ಯಾರನ್ (ಸೊಪ್ಪನ್ನು ಶಾಖಕ್ಕೆ ಒಣಗಿಸುವ ಮನೆ) ಲೈಸೆನ್ಸ್. ಹೋದ ವರ್ಷ ನಾನೇ ಮೊದಲ ಸಲ ಸೊಪ್ಪು ಬೇಯಿಸಿದೆ. ಮೊದಲ ಮೂರು ಸಲ ಬ್ಯಾರನ್ ತುಂಬಿದ ಸೊಪ್ಪು ಪೂರಾ ಹಾಳು. ಅರ್ಧ ಎಲೆ ಹಸಿರಾಗಿಯೇ ಒಣಗಿತು. ಇನ್ನರ್ಧದ ಮೇಲೆ ಕಂದು ಮಚ್ಚೆ. ಗಿಡ ಮಾತ್ರ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗೊಬ್ಬರ ಧಾರಾಳವಾಗಿ ಹಾಕಿದ್ದೆ. ಅಪ್ಪ ಬೈಯುವುದಿಲ್ಲ, ಸುಮ್ಮನೆ ಕೂತಿರುತ್ತಾರೆ. ಅದೇ ನನಗೆ ಜಾಸ್ತಿ ನೋವು. ಈ ವರ್ಷ ಹಾಗಾಗಬಾರದು. ತಿಳಿದವರು ಹೇಳಿ.

ಹುಣಸೂರು ಕಡೆಯ ಬೆಳೆಗಾರ, 30 ವರ್ಷದ ಅನುಭವ:
ತಮ್ಮಾ, "ಗಿಡ ತುಂಬಾ ಚೆನ್ನಾಗಿತ್ತು, ಗೊಬ್ಬರ ಧಾರಾಳ" ಅಂದೆಯಲ್ಲ, ನಿನ್ನ ಉತ್ತರ ಅರ್ಧ ಅಲ್ಲೇ ಇದೆ. ರಾಗಿಗೆ, ಜೋಳಕ್ಕೆ ಕಡುಹಸಿರು ಒಳ್ಳೆಯದು. ಹೊಗೆಸೊಪ್ಪಿಗೆ ಅಲ್ಲ. ಸಾರಜನಕ ಜಾಸ್ತಿಯಾದರೆ ಎಲೆ ದಪ್ಪಗಾಗುತ್ತದೆ, ಹಣ್ಣಾಗುವುದೇ ಇಲ್ಲ. ಹೊಲದಲ್ಲಿ ಹಣ್ಣಾಗದ ಎಲೆಯನ್ನು ಬ್ಯಾರನ್ನಿನಲ್ಲಿ ಯಾರೂ ಹಳದಿ ಮಾಡಲಾರರು. ನಾನೂ ಮಾಡಲಾರೆ.

ಮೇಲುಗೊಬ್ಬರ ನಾಟಿಯಾದ ತಿಂಗಳೊಳಗೆ ಮುಗಿಸಿಬಿಡು. ಆಮೇಲೆ ಮಳೆ ಬಂತು, ಗಿಡ ಸೊರಗಿತು ಅಂತ ಇನ್ನೊಂದು ಚೀಲ ಯೂರಿಯಾ ಹಿಡಿದು ಓಡಬೇಡ. ಪೊಟ್ಯಾಶ್ ಕೊಡುವಾಗ ಚೀಲದ ಮೇಲೆ ಏನು ಬರೆದಿದೆ ಓದು. ಸಲ್ಫೇಟ್ ಆಫ್ ಪೊಟ್ಯಾಶ್ ಇರಬೇಕು. ಅಗ್ಗಕ್ಕೆ ಸಿಗುವ ಮ್ಯೂರಿಯೇಟ್ ಬೇಡ. ಅದರಲ್ಲಿ ಕ್ಲೋರಿನ್ ಇರುತ್ತದೆ, ಅಂಥ ಸೊಪ್ಪು ಸರಿಯಾಗಿ ಉರಿಯುವುದಿಲ್ಲ. ಒಂದು ವರ್ಷ ನಾನೂ ಅಗ್ಗ ನೋಡಿ ತಂದೆ. ಅದರ ಬೆಲೆ ಹರಾಜಿನಲ್ಲಿ ಕಟ್ಟಿದೆ.

ನಮ್ಮ ಕಡೆ ಭರಣಿ, ಕೃತ್ತಿಕೆ ಮಳೆಗೆ ನಾಟಿ ಆಗಬೇಕು. ಜೂನ್ ಕೊನೆಗೆ ಎಳೆದರೆ ಮುಂದೆ ಎಲ್ಲವೂ ಹಿಂದೆ ಬೀಳುತ್ತದೆ. ಮೊಗ್ಗು ಕಂಡ ಕೂಡಲೇ ಕುಡಿ ಮುರಿ, 20ರ ಆಸುಪಾಸು ಎಲೆ ಉಳಿಸು. ಕಂಕುಳಲ್ಲಿ ಬರುವ ಕುಡಿಯನ್ನೂ ಬಿಡಬೇಡ. ಎಲೆಗೆ ಹೋಗಬೇಕಾದ ಶಕ್ತಿಯನ್ನೆಲ್ಲ ಅದು ತಿನ್ನುತ್ತದೆ.

ಈಗ ಮುರಿಯುವ ವಿಷಯ. ಕೆಳಗಿನಿಂದ ಸಲಕ್ಕೆ ಎರಡು ಮೂರು ಎಲೆ, ಅಷ್ಟೇ. ಎಲೆ ತಿಳಿಹಳದಿಗೆ ತಿರುಗಿರಬೇಕು. ನಡುನರ ಬೆಳ್ಳಗಾಗಿರಬೇಕು. ಕೈ ಹಾಕಿದರೆ ಲಟಕ್ಕನೆ ಮುರಿಯಬೇಕು. ಆಳು ಬಂದಿದ್ದಾರೆ, ಬ್ಯಾರನ್ ತುಂಬಬೇಕು ಅಂತ ಕಾಯಿ ಎಲೆಯನ್ನೂ ಸೇರಿಸಿ ಮುರಿದರೆ ಇಡೀ ಬ್ಯಾರನ್ ಕೆಡುತ್ತದೆ. ಹಣ್ಣೆಲೆ ಬೇಗ ಹಳದಿಯಾಗುತ್ತದೆ, ಕಾಯಿ ಎಲೆಗೆ ಇನ್ನೂ ಒಂದು ದಿನ ಬೇಕು. ನೀನು ಯಾವುದಕ್ಕೆ ಅಂತ ಬೆಂಕಿ ಹಾಕುತ್ತೀಯಾ?

ಬೇಯಿಸುವುದು ಅಂತ ಬಾಯಲ್ಲಿ ಹೇಳುತ್ತೇವೆ, ಆದರೆ ಮೊದಲ ಒಂದೂವರೆ ದಿನ ಬೇಯಿಸಲೇಬಾರದು. ಮುರಿದ ಎಲೆಗೆ ಇನ್ನೂ ಜೀವ ಇರುತ್ತದೆ. ಆ ಜೀವ ಇರುವಾಗಲೇ ಹಸಿರು ಹೋಗಿ ಹಳದಿ ಬರಬೇಕು, ಒಳಗಿನ ಹಿಟ್ಟು ಸಕ್ಕರೆಯಾಗಬೇಕು. ಅದಕ್ಕೆ ಬೇಕಿರುವುದು 32ರಿಂದ 38 ಡಿಗ್ರಿ ಶಾಖ, ಜೊತೆಗೆ ತೇವ. ಕಿಂಡಿ ಎಲ್ಲ ಮುಚ್ಚಿರಬೇಕು. ಮಳೆಯಿಲ್ಲದ ದಿನ ಮುರಿದ ಸೊಪ್ಪಾದರೆ ನೆಲಕ್ಕೆ ನೀರು ಚಿಮುಕಿಸುತ್ತೇವೆ. ನೀನು ಅವಸರಕ್ಕೆ ಬಿದ್ದು ಶಾಖ ಏರಿಸಿದ್ದೀಯ. ಎಲೆ ಸತ್ತುಹೋಯಿತು, ಹಸಿರು ಅಲ್ಲೇ ನಿಂತಿತು. ಒಮ್ಮೆ ಹಾಗೆ ನಿಂತ ಹಸಿರು ಮತ್ತೆ ಹೋಗುವುದಿಲ್ಲ.

ಕಂದು ಮಚ್ಚೆ ಇದರ ಉಲ್ಟಾ ತಪ್ಪು. ಎಲೆ ಹಳದಿಯಾದ ಮೇಲೂ ತೇವವನ್ನು ಒಳಗೇ ಬಿಟ್ಟಿದ್ದೀಯ. ಹಳದಿ ಬಂದ ಕೂಡಲೇ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತಾ ಹೋಗು. ಶಾಖ ಗಂಟೆಗೆ ಒಂದು ಡಿಗ್ರಿ ಲೆಕ್ಕದಲ್ಲಿ ಏರಲಿ. 50ರ ಹತ್ತಿರ ಬರುವ ಹೊತ್ತಿಗೆ ಎಲೆಯ ಅಂಚು ಸುರುಳಿಕೊಂಡು ಒಣಗತೊಡಗುತ್ತದೆ. ಎಲೆ ಪೂರ್ತಿ ಒಣಗಿದ ಮೇಲೆ ಕಿಂಡಿ ಮುಚ್ಚಿ 70ರವರೆಗೆ ಏರಿಸು, ನಡುನರ ಒಣಗಲಿ. ಅದಕ್ಕಿಂತ ಮೇಲೆ ಹೋದರೆ ಎಲೆ ಕೆಂಪಗೆ ಸೀಯುತ್ತದೆ. ಎಲ್ಲ ಸೇರಿ ಐದಾರು ದಿನ.

ಆ ಐದಾರು ದಿನ ರಾತ್ರಿ ನಿದ್ದೆ ಇಲ್ಲ. ನಾನು ಇವತ್ತಿಗೂ ಬ್ಯಾರನ್ ಪಕ್ಕದ ಚಪ್ಪರದಲ್ಲೇ ಮಲಗುತ್ತೇನೆ. ನಿಮ್ಮ ಅಪ್ಪನಿಗೆ ಮಂಡಿ ನೋಯುತ್ತಿರಬಹುದು, ಮೂಗು ಚೆನ್ನಾಗಿದೆಯಲ್ಲ? ಅವರನ್ನು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸು. ಹಳದಿಯಾಗುವಾಗ ಬರುವ ವಾಸನೆಯೇ ಬೇರೆ, ಅದು ಅವರಿಗೆ ಗೊತ್ತಿರುತ್ತದೆ.

ಅರಕಲಗೂಡು ಕಡೆಯಿಂದ:
ಅಣ್ಣ ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಬ್ಯಾರನ್ ಸೋರುತ್ತಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಹಗಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಲ್ಲಿ. ಎಲ್ಲೆಲ್ಲಿ ಬೆಳಕು ಬರುತ್ತದೋ ಅಲ್ಲೆಲ್ಲ ಶಾಖ ಹೋಗುತ್ತದೆ. ಮಣ್ಣು ಮೆತ್ತಿ ಮುಚ್ಚಿ. ನಾವು ಹೆಂಚಿನ ಕೆಳಗೆ ಭತ್ತದ ಹುಲ್ಲಿನ ಹೊದಿಕೆ ಕೊಟ್ಟೆವು, ಸೌದೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಒಂದು ಕಿಲೋ ಒಣ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಸುಡುವ ಬೆಳೆ ಇದು. ಬದುವಿನಲ್ಲಿ ಸಿಲ್ವರ್ ಓಕ್, ನೀಲಗಿರಿ ಏನಾದರೂ ಹಾಕಿಕೊಳ್ಳಿ, ಕಾಡಿನ ಮರಕ್ಕೆ ಕೈ ಹಾಕಬೇಡಿ.

ಎಚ್.ಡಿ. ಕೋಟೆಯ ಒಬ್ಬ ಅಕ್ಕ:
ಇಲ್ಲಿ ಎಲ್ಲರೂ ಸೊಪ್ಪಿನ ಬಣ್ಣದ ಬಗ್ಗೆ ಹೇಳುತ್ತಿದ್ದೀರಿ. ಮುರಿಯುವವರ, ಕಟ್ಟುವವರ ವಿಷಯ ನಾನು ಹೇಳುತ್ತೇನೆ.

ಮದುವೆಯಾಗಿ ಬಂದ ವರ್ಷ ಬೆಳಿಗ್ಗೆ ಬೇಗ ಮಂಜಲ್ಲಿ ಸೊಪ್ಪು ಮುರಿಯೋಕೆ ಹೋದೆ. ಸೀರೆ, ರವಿಕೆ ಎಲ್ಲ ನೆನೆದಿತ್ತು. ಮಧ್ಯಾಹ್ನಕ್ಕೆ ತಲೆಸುತ್ತು, ವಾಂತಿ. ಬಸುರಿ ಅಂತ ಮನೆಯವರು ಖುಷಿಪಟ್ಟರು. ಅದಲ್ಲ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ ಅಂತ ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ಹೇಳಿದರು. ಅಲ್ಲಿಯವರೆಗೆ ನಾವೆಲ್ಲ ಪಿತ್ತ ಅಂದುಕೊಂಡಿದ್ದೆವು.

ಹಾಗಾಗಿ ತಮ್ಮಾ, ಇಬ್ಬನಿ ಆರಿದ ಮೇಲೆ ಆಳುಗಳನ್ನು ಇಳಿಸು. ತುಂಬು ತೋಳಿನ ಅಂಗಿ, ಕೈಗವಸು ಕೊಡು. ಬಟ್ಟೆ ನೆನೆದರೆ ಬದಲಿಸೋಕೆ ಹೇಳು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯೋಕೆ ನೀರು ಇಡು. ಬಸುರಿಯರನ್ನು, ಮಕ್ಕಳನ್ನು ಸೊಪ್ಪಿನ ಹತ್ತಿರ ಬಿಡಲೇಬೇಡ. ಶಾಲೆಗೆ ರಜೆ ಇದೆ ಅಂತ ಮಕ್ಕಳನ್ನು ಬ್ಯಾರನ್ನಿನಲ್ಲಿ ತೂಗುಹಾಕುವ ಕಡ್ಡಿಗೆ ಸೊಪ್ಪು ಕಟ್ಟೋಕೆ ಕೂರಿಸುವುದು ನಮ್ಮಲ್ಲಿ ಮಾಮೂಲಾಗಿತ್ತು. ನನ್ನ ಮಗಳನ್ನೂ ಕೂರಿಸಿದ್ದೆ. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ.

ಕಟ್ಟುವಾಗ ಕಡ್ಡಿಗೆ ಒತ್ತೊತ್ತಾಗಿ ಕಟ್ಟಿಸಬೇಡ. ಎಲೆ ಎಲೆಯ ನಡುವೆ ಗಾಳಿ ಆಡಬೇಕು. ಒತ್ತಾದ ಜಾಗದಲ್ಲೂ ಆ ಕಂದು ಮಚ್ಚೆ ಬರುತ್ತದೆ.

ರಾಮನಾಥಪುರದ ಹತ್ತಿರದಿಂದ:
ಬೆಂಕಿ ವಿಷಯ ಯಾರೂ ಹೇಳಲಿಲ್ಲ. ನಮ್ಮ ಬ್ಯಾರನ್ ಸುಟ್ಟಿದ್ದು ಕೊನೆಯ ರಾತ್ರಿ, ನಡುನರ ಒಣಗುವಾಗ. ಒಣಗಿದ ಒಂದು ಎಲೆ ಕಡ್ಡಿಯಿಂದ ಜಾರಿ, ಒಲೆಯ ಶಾಖವನ್ನು ಒಳಗೆ ಹರಿಸುವ ಕಾದ ಕೊಳವೆಯ ಮೇಲೆ ಬಿತ್ತು. ಅಷ್ಟೇ ಸಾಕಾಯಿತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಾಡು ಉರಿಯುತ್ತಿತ್ತು. ಕೊಳವೆಗಳ ಮೇಲೆ ತಂತಿ ಬಲೆ ಕಟ್ಟಿ. ಕೆಳ ಸಾಲಿನ ಕಡ್ಡಿಗಳನ್ನು ಗಟ್ಟಿಯಾಗಿ ಕಟ್ಟಿಸಿ. ಪ್ರತಿ ಸಲ ತುಂಬುವ ಮುಂಚೆ ಕೊಳವೆಯ ಕೂಡುಗಳಲ್ಲಿ ಸಂದು ಬಿಟ್ಟಿದೆಯಾ ನೋಡಿ. ಹೊಗೆ ಒಳಗೆ ಬಂದರೂ ಸೊಪ್ಪು ಹೋಯಿತು.

ಹುಣಸೂರಿನ ಅದೇ ಬೆಳೆಗಾರ, ಮತ್ತೆ:
ಇನ್ನೊಂದು ಮರೆತೆ. ಬೆಂದ ಸೊಪ್ಪನ್ನು ತಕ್ಷಣ ಇಳಿಸಬೇಡ, ಪುಡಿಪುಡಿಯಾಗುತ್ತದೆ. ರಾತ್ರಿ ಬಾಗಿಲು, ಕಿಂಡಿ ತೆರೆದಿಡು. ತಂಪು ಗಾಳಿ ಕುಡಿದು ಎಲೆ ಮೆತ್ತಗಾದ ಮೇಲೆ ಬೆಳಗಿನ ಜಾವ ಇಳಿಸು. ಬೇಲ್ (ಮಾರಾಟದ ಮೂಟೆ) ಕಟ್ಟುವಾಗ ತೂಕ ಬರಲಿ ಅಂತ ಯಾರಾದರೂ ನೀರು ಚಿಮುಕಿಸು ಅಂದರೆ ಕೇಳಬೇಡ. ಒಳಗೇ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ದಾರ, ಕೂದಲು, ಕಸ ಏನೂ ಸೇರಬಾರದು. ಸೊಪ್ಪು ಮುಗಿದ ಹೊಲಕ್ಕೆ ರಾಗಿ ಹಾಕು. ಬೇರುಗಂಟಿನ ಹುಳು ಕಡಿಮೆಯಾಗುತ್ತದೆ, ಮನೆಗೆ ಊಟವೂ ಆಯಿತು. ಲೈಸೆನ್ಸನ್ನು ಅವಧಿ ಮುಗಿಯುವ ಮುಂಚೆ ತಂಬಾಕು ಮಂಡಳಿಯಲ್ಲಿ ನವೀಕರಿಸಬೇಕು, ಅದೂ ನೆನಪಿರಲಿ.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ಕೈಮುಗಿಯುತ್ತೇನೆ. ಅಕ್ಕಾ, ಕೈಗವಸು ಖಂಡಿತ ತರುತ್ತೇನೆ. ಇವತ್ತು ಸಂಜೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಥರ್ಮಾಮೀಟರ್ ತಗೊಂಡು ಬಾ ಅಂದರು. ನಮ್ಮ ಥರ್ಮಾಮೀಟರ್ ಎರಡು ಗಾಜಿನ ಕೊಳವೆಯದು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಅದರ ತುದಿ ನೀರಲ್ಲಿ ಇರಬೇಕಂತೆ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಒಳಗೆ ತೇವ ಎಷ್ಟಿದೆ ಗೊತ್ತಾಗುತ್ತದೆ. ಹೋದ ವರ್ಷ ಪೂರ್ತಿ ಆ ಬಟ್ಟೆ ಒಣಗಿ ಗಟ್ಟಿಯಾಗಿತ್ತು. ನಾನು ಎರಡೂ ಒಂದೇ ಅಂದುಕೊಂಡು ಒಂದನ್ನೇ ನೋಡುತ್ತಿದ್ದೆ. ಅಪ್ಪ ತಮ್ಮ ಹಳೇ ಪಂಚೆಯಿಂದ ಒಂದು ಚೂರು ಹರಿದು ಸುತ್ತಿಕೊಟ್ಟಿದ್ದಾರೆ.