ಬ್ಲೌಸ್ ಬಟ್ಟೆಗೆ ಗುರುತು: ಚಾಕೋ, ಪೆನ್ನೋ, ದಾರವೋ?

ಕೇಳಿದವರು, ಬೆಂಗಳೂರಿನಿಂದ:
ಹೊಲಿಗೆ ಕಲಿತು ಆರು ತಿಂಗಳಾಯ್ತು. ಹತ್ತಿ ಬ್ಲೌಸ್‌ಗೆಲ್ಲ ಟೈಲರ್ ಚಾಕಲ್ಲೇ ಗೀಟು ಹಾಕಿ ನಿಭಾಯಿಸಿದೆ. ಈಗ ಅತ್ತೆ ತಮ್ಮ ಮೈಸೂರು ಸಿಲ್ಕ್ ಸೀರೆಯ ಬ್ಲೌಸ್ ಪೀಸ್ ಕೊಟ್ಟಿದ್ದಾರೆ, ಕತ್ತರಿ ಹಿಡಿಯೋಕೇ ಭಯ. ಇಸ್ತ್ರಿ ತಾಗಿದ್ರೆ ಮಾಯವಾಗೋ ಪೆನ್ನೊಂದು ತರಿಸಿ ಇಟ್ಟಿದ್ದೀನಿ. ರೇಷ್ಮೆ ಮೇಲೆ ಬಳಸಬಹುದಾ? ನೀವೆಲ್ಲ ಯಾವುದರಲ್ಲಿ ಗುರುತು ಹಾಕ್ತೀರಿ?

ದಾವಣಗೆರೆಯಿಂದ:
ರೇಷ್ಮೆ ಮೇಲೆ ಗೀಟೇ ಹಾಕಬೇಡಮ್ಮ. ಲೈನಿಂಗ್ ಮೇಲೆ ಹಾಕು. 22 ವರ್ಷದಿಂದ ಮನೇಲಿ ಹೊಲೀತಿದ್ದೀನಿ, ಬೆಲೆ ಬಾಳೋ ಬಟ್ಟೆಗೆಲ್ಲ ನಂದು ಇದೇ ಕ್ರಮ. ಹತ್ತಿ ಲೈನಿಂಗ್ ಮೊದಲು ನೀರಲ್ಲಿ ನೆನೆಸಿ ಒಣಗಿಸು, ಅದು ಕುಗ್ಗುತ್ತೆ. ಇಸ್ತ್ರಿ ಮಾಡಿ ಡಾಟು (ಮೈಗೆ ಸರಿಯಾಗಿ ಕೂರಲಿ ಅಂತ ಹಾಕೋ ಮಡಿಕೆ ಹೊಲಿಗೆ), ಸೊಂಟ, ತೋಳಿನ ಸುತ್ತು ಎಲ್ಲ ಅದರ ಮೇಲೇ ಬರೆ. ಆಮೇಲೆ ರೇಷ್ಮೆಯ ಒಳಮೈಗೆ ಹಾಸಿ, ಅಂಚಿನ ಸುತ್ತ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕು. ಡಾಟಿನ ನಡುಗೆರೆ ಮೇಲೂ ಒಂದು ಸಾಲು ಬೇಕು. ಇಲ್ಲದಿದ್ರೆ ಮಷೀನ್ ಕೆಳಗೆ ಲೈನಿಂಗ್ ಒಂದು ಕಡೆ, ರೇಷ್ಮೆ ಒಂದು ಕಡೆ ಜಾರುತ್ತೆ. ಪಿನ್ನು ಚುಚ್ಚೋದಾದ್ರೆ ಮಾರ್ಜಿನ್ನಿನೊಳಗೆ (ಹೊಲಿಗೆಯಾಚೆ ಬಿಡೋ ಅಂಚು) ಮಾತ್ರ, ರೇಷ್ಮೆಗೆ ಬಿದ್ದ ತೂತು ಮುಚ್ಚಿಕೊಳ್ಳಲ್ಲ.

ಚಾಕಲ್ಲೂ ಎರಡು ಜಾತಿ. ಉಗುರಲ್ಲಿ ಕೆರೆದು ನೋಡು: ಪುಡಿ ಉದುರಿದ್ರೆ ಸರಿ, ಮೇಣದ ಬತ್ತಿ ಥರ ಸುರುಳಿ ಎದ್ರೆ ರೇಷ್ಮೆ ಹತ್ರ ತರಬೇಡ. ಗೊತ್ತಿಲ್ಲದೆ ಆ ಮೇಣದ್ದನ್ನ ಪಕ್ಕದ ಮನೆ ಹುಡುಗಿಯ ಪೀಚ್ ಬಣ್ಣದ ಬ್ಲೌಸಿಗೆ ಹಾಕಿ ಇಸ್ತ್ರಿ ಇಟ್ಟೆ. ಕರಗಿ, ಎದೆ ಮೇಲೆ ಎರಡು ಎಣ್ಣೆ ಗೆರೆ. ಕೊನೆಗೆ ಅದೇ ಜಾಗಕ್ಕೆ ಸಾಲಾಗಿ ಮಣಿ ಕೂರಿಸಿ ಮುಚ್ಚಿದೆ. ಆ ಹುಡುಗಿ ಡಿಸೈನ್ ಚೆನ್ನಾಗಿದೆ ಅಂತ ಇನ್ನೊಂದು ಹೊಲಿಯೋಕೆ ತಂದಳು!

ಹಾಂ, ಚಾಕಿನ ಅಂಚನ್ನ ಬ್ಲೇಡಲ್ಲಿ ಹೆರೆದು ಚೂಪು ಮಾಡ್ಕೊ. ಮೊಂಡಾದ್ರೆ ಗೀಟು 3 ಮಿಲಿಮೀಟರ್ ದಪ್ಪ ಬರುತ್ತೆ. ಅದರ ಒಳಗೆ ಹೊಲಿಬೇಕಾದ್ದನ್ನ ಹೊರಗೆ ಹೊಲಿದ್ರೆ ಎರಡು ಪಕ್ಕ, ಎರಡೆರಡು ಪದರ ಸೇರಿ 12 ಮಿಲಿಮೀಟರ್, ಹತ್ತಿರ ಹತ್ತಿರ ಅರ್ಧ ಇಂಚು ಸಡಿಲ. "ಅಳತೆ ಸರಿ ಇತ್ತಲ್ಲ" ಅಂತ ತಲೆ ಕೆರ್ಕೊಳ್ಳೋದು ಆವಾಗ್ಲೇ.

ಕೆನಡಾದ ವಿನ್ನಿಪೆಗ್‌ನಿಂದ:
ಆ ಪೆನ್ನಿನ ವಿಷಯ ನಾನು ಹೇಳ್ತೀನಿ. ಅಮ್ಮ ಶಿವಮೊಗ್ಗದಿಂದ ಮಗಳಿಗೆ ಮೆರೂನ್ ಲಂಗ ಹೊಲಿದು ಕಳಿಸಿದ್ರು. ಜನವರಿ ತಿಂಗಳು, ಪಾರ್ಸಲ್ ರಾತ್ರಿಯಿಡೀ ಬಾಗಿಲ ಹೊರಗೆ ಮೈನಸ್ 25ರಲ್ಲಿ ಬಿದ್ದಿತ್ತು. ಬಿಚ್ಚಿದ್ರೆ ನೆರಿಗೆ ಗುರುತೆಲ್ಲ ಸಾಲಾಗಿ ಎದ್ದು ನಿಂತಿದೆ! ಆ ಶಾಯಿ ಅಳಿಸಿ ಹೋಗಿರಲ್ಲ. ಸುಮಾರು 60 ಡಿಗ್ರಿ ಬಿಸಿಗೆ ಬಣ್ಣ ಕಳ್ಕೊಳ್ಳುತ್ತೆ ಅಷ್ಟೆ, ಮೈನಸ್ 10 ದಾಟಿದ್ರೆ ವಾಪಸ್ ಬರೋಕೆ ಶುರು. ಮತ್ತೆ ಇಸ್ತ್ರಿ ಹಾಕಿದೆ, ಹೋಯ್ತು. ಆದ್ರೆ ಕಡು ಬಣ್ಣದ ಮೇಲೆ ಬಿಳಿಚಿದ ಗೆರೆ ಉಳಿದೇಬಿಡ್ತು. ನಿಮ್ಮಲ್ಲಿ ಅಂಥ ಚಳಿ ಇಲ್ಲ ನಿಜ, ಆದ್ರೂ ಚೂರು ಬಟ್ಟೆಗೆ ಗೀಚಿ, ಇಸ್ತ್ರಿ ಮಾಡಿ, ಒಂದು ರಾತ್ರಿ ಫ್ರೀಜರಲ್ಲಿಟ್ಟು ನೋಡಿ.

ಮಂಗಳೂರಿನಿಂದ:
ತಾನಾಗೇ ಮಾಯವಾಗುವ ನೇರಳೆ ಪೆನ್ನಿನ ಕಥೆ ಕೇಳ್ಬೇಡಿ ಮಾರಾಯ್ರೆ. ಒಂದೆರಡು ದಿನ ಇರ್ತದೆ ಅಂತಾರೆ. ನಮ್ಮ ಮಳೆಗಾಲದಲ್ಲಿ ಊಟಕ್ಕೆ ಮುಂಚೆ ಹಾಕಿದ್ದು ಸಂಜೆಗೆ ಇಲ್ಲ. ನೀರಿಗೆ ಹೋಗುವ ನೀಲಿ ಪೆನ್ನು ಹತ್ತಿಗೆ ಒಳ್ಳೇದು, ಆದ್ರೆ ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಇಸ್ತ್ರಿ. ಉಲ್ಟಾ ಮಾಡಿದ್ರೆ ಕಲೆ ಕೂತುಬಿಡ್ತದೆ. ಕಪ್ಪು ಹತ್ತಿ ಬಟ್ಟೆಗೆ ನಾನು ಸವೆದ ಬಟ್ಟೆ ಸೋಪಿನ ತೆಳು ಚೂರು ಬಳಸುದು. ಖರ್ಚೂ ಇಲ್ಲ.

ಬಾಗಲಕೋಟೆಯಿಂದ:
ನಮ್ಮ ಗುಳೇದಗುಡ್ಡ ಖಣದ (ಕುಬಸದ ಬಟ್ಟಿ) ಮ್ಯಾಲೆ ಯಾವ ಗೀಟೂ ನೆಟ್ಟಗ ಕಾಣಂಗಿಲ್ರೀ, ಬುಟ್ಟಾದೊಳಗ ಕಳದ್ ಹೋಗ್ತದ. ನಾ ದಾರದ್ದೇ ಗುರುತು ಹಾಕ್ತೀನಿ. ಸೂಜಿಗೆ ಎರಡೆಳಿ ಬಿಳಿ ದಾರ ಪೋಣಿಸಿ, ಗಂಟ ಹಾಕದ, ಡಾಟಿನ ತುದಿಯೊಳಗ ಎರಡೂ ಪದರ ಹಿಡಿದು ಸಡಿಲ ಕುಣಿಕಿ ಬಿಡೂದು. ಆಮ್ಯಾಲ ಪದರ ಮೆಲ್ಲಕ ಅಗಲಿಸಿ ನಡುವಿನ ದಾರ ಕತ್ತರಿಸಿದ್ರ ಎರಡೂ ಕಡೆ ಕುಚ್ಚಿನಂಗ ಉಳೀತಾವ. ಎಡ ಬಲ ಒಂದೇ ಜಾಗಕ್ಕ! ಹೊಲಿದ ಮ್ಯಾಲ ಚಿಮಟಿಗಿಯಿಂದ ಕಿತ್ತ ತಗೀರಿ.

ಬೆಂಗಳೂರಿನಿಂದ, ಮರುದಿನ:
ಎಲ್ಲರಿಗೂ ಥ್ಯಾಂಕ್ಸ್. ಫ್ರೀಜರಲ್ಲಿಟ್ಟ ಚೂರು ಈಗ ತಾನೇ ತೆಗೆದೆ, ಗೀಟು ಪೂರ್ತಿ ವಾಪಸ್ ಬಂದಿದೆ. ಅತ್ತೆ ನನಗಿಂತ ಮುಂಚೆ ಬಟಾಣಿ ತೆಗೆಯೋಕೆ ಹೋಗಿ ನೋಡಿ, "ಇದ್ಯಾಕೆ ಬಟ್ಟೆ ಇಲ್ಲಿದೆ?" ಅಂದ್ರು. ಅವರದೇ ಬ್ಲೌಸಿನ ಚೂರು ಅಂತ ಹೇಳಿಲ್ಲ. ಪೆನ್ನು ಮಗನ ಜಾಮೆಟ್ರಿ ಬಾಕ್ಸಿಗೆ ಹೋಯ್ತು. ಲೈನಿಂಗ್ ನೆನೆಹಾಕಿದ್ದೀನಿ.