ಸಹಾಯ ಬೇಕು: ರೆಟಿನಾ ಫೋಟೊ ನೋಡೋ ಮಾಡೆಲ್ ಎಡವುತ್ತಿದೆ

ಎಲ್ಲರಿಗೂ ನಮಸ್ಕಾರ. ಎಂಟೆಕ್ ಪ್ರಾಜೆಕ್ಟಿಗೆ ಡಯಾಬಿಟಿಕ್ ರೆಟಿನೋಪತಿ (ಶುಗರ್‌ನಿಂದ ಕಣ್ಣಿನ ರೆಟಿನಾ ಹಾಳಾಗೋ ಕಾಯಿಲೆ) ತಗೊಂಡಿದೀನಿ; ಫೋಟೊ ನೋಡಿ ಅದು ಎಷ್ಟು ತೀವ್ರ ಅಂತ ಮಾಡೆಲ್ ಹೇಳಬೇಕು. ಅಪ್ಪನಿಗೆ ಶುಗರ್ ಇದೆ, ಅದಕ್ಕೇ ಈ ವಿಷಯ. ಡೇಟಾ, ಅರವಿಂದ್ ಕಣ್ಣಾಸ್ಪತ್ರೆಯ ಫೋಟೊಗಳಿಂದ 2019ರಲ್ಲಿ ಕ್ಯಾಗಲ್ ಅನ್ನೋ ಡೇಟಾ ಸ್ಪರ್ಧೆಗಳ ವೆಬ್‌ಸೈಟಲ್ಲಿ ನಡೆದ ಸ್ಪರ್ಧೆಯದು. ಲೇಬಲ್ ಇರೋ 3,662 ಫೋಟೊಗಳಲ್ಲಿ 1,805 ಕಾಯಿಲೆಯೇ ಇಲ್ಲದವು. ತೀವ್ರತೆಗೆ 0ರಿಂದ 4ರವರೆಗೆ ಗ್ರೇಡ್ ಇದೆ, ಅದರಲ್ಲಿ ಗ್ರೇಡ್ 3 (ತೀವ್ರ ಹಂತ) ಬರೀ 193. ಅಕ್ಯುರೆಸಿ ನೋಡೋಕೆ ಚೆನ್ನಾಗೇ ಬರುತ್ತೆ, ಆದರೆ ಗ್ರೇಡ್ 3ರಲ್ಲಿ ಬಹುಪಾಲನ್ನ 2 ಅಂತ ತಳ್ಳಿಬಿಡುತ್ತೆ. ಕ್ಲಾಸ್ ವೇಟ್ (ಕಮ್ಮಿ ಇರೋ ಗ್ರೇಡಿಗೆ ಹೆಚ್ಚು ತೂಕ) ಹಾಕಿದೆ, ಫೋಟೊ ತಿರುಗಿಸಿ ಹೆಚ್ಚಿಸಿದೆ, ಅಷ್ಟಕ್ಕಷ್ಟೇ. ಮಾಡೆಲ್ ಫೋಟೊದಲ್ಲಿ ಎಲ್ಲಿ ನೋಡ್ತಿದೆ ಅಂತ ತೋರಿಸೋ ಹೀಟ್‌ಮ್ಯಾಪ್ ತೆಗೆದರೆ, ರಕ್ತದ ಚುಕ್ಕೆಗಳನ್ನ ಬಿಟ್ಟು ಸುತ್ತಲಿನ ಕಪ್ಪು ಅಂಚನ್ನೇ ನೋಡ್ತಾ ಕೂತಿದೆ ಮಹಾಶಯ!

ಅಂಚು ಕತ್ತರಿಸಿ ಮೊದಲಿಂದ ಟ್ರೇನ್ ಮಾಡ್ಲಾ, ಇಲ್ಲಾ ಗ್ರೇಡನ್ನ ರಿಗ್ರೆಷನ್ ಥರ (ಬೇರೆ ಬೇರೆ ಗುಂಪಲ್ಲ, ಏರುತ್ತಾ ಹೋಗೋ ಒಂದು ಸಂಖ್ಯೆ ಅಂತ) ಕಲಿಸ್ಲಾ? ಇದರಲ್ಲಿ ಕೈಯಾಡಿಸಿದೋರು, ಕಣ್ಣಿನ ಡಾಕ್ಟ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಸೋಮವಾರ ಗೈಡ್‌ಗೆ ತೋರಿಸಬೇಕು.